ಎರಡು ತಂಡ, ಎರಡಕ್ಕೂ 83 ಗೆಲುವು, ಒಂದೇ ಜಾಗ: ಸೀಸನ್ ಕೊನೆಗೆ ಆಟಗಾರರನ್ನು ಬದಲಿಸಿ ಎಷ್ಟು ಉಪಯೋಗ?

ಬೈತಖೋಲ, ಕಾರವಾರ

2025ರ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಬಗ್ಗೆ ಒಂದು ಪ್ರಶ್ನೆ. ಜೂನ್ 12ಕ್ಕೆ ನ್ಯೂಯಾರ್ಕ್ ಮೆಟ್ಸ್ 45–24ರಲ್ಲಿತ್ತು (45 ಗೆಲುವು, 24 ಸೋಲು), ಅವತ್ತು ಇಡೀ ಲೀಗಿನಲ್ಲಿ ಅದೇ ಮೇಲು. ಸೆಪ್ಟೆಂಬರ್ 28ಕ್ಕೆ ಸೀಸನ್ ಮುಗಿದಾಗ 83–79. ಅಂದರೆ ಆಮೇಲಿನ 93 ಪಂದ್ಯದಲ್ಲಿ 38 ಗೆಲುವು, 55 ಸೋಲು. ಸಿನ್ಸಿನಾಟಿ ರೆಡ್ಸ್ ಕೂಡ 83–79. ರೆಡ್ಸ್ ಪ್ಲೇಆಫ್‌ಗೆ (ಸೀಸನ್ ಆದಮೇಲಿನ ನಾಕೌಟ್ ಹಂತಕ್ಕೆ) ಹೋಯಿತು, ಮೆಟ್ಸ್ ಮನೆಗೆ ಹೋಯಿತು.

ಮೆಟ್ಸ್ ಸುಮ್ಮನೆ ಕೂತಿರಲಿಲ್ಲ. ಜುಲೈ ಕೊನೆಗೆ ಟ್ರೇಡ್‌ನಲ್ಲಿ, ಅಂದರೆ ಬೇರೆ ತಂಡಗಳ ಜೊತೆ ಆಟಗಾರರ ವಿನಿಮಯದಲ್ಲಿ, ಹೆಲ್ಸ್ಲಿ, ಟೈಲರ್ ರಾಜರ್ಸ್, ಗ್ರೆಗರಿ ಸೊಟೊ, ಸೆಡ್ರಿಕ್ ಮಲಿನ್ಸ್ ಬಂದರು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮೈನರ್ ಲೀಗ್‌ನಿಂದ, ಅಂದರೆ ತಮ್ಮದೇ ಕೆಳಹಂತದ ತಂಡಗಳಿಂದ, ಮೂವರು ಹೊಸ ಹುಡುಗರು. ಹೀಗಿದ್ದೂ ಸಾಲಲಿಲ್ಲ.

ಕೇಳಬೇಕಾದ್ದು ಮೂರು. ಟ್ರೇಡ್ ಗಡುವು ಮುಗಿದ ಮೇಲೂ ಹೊಸಬರು ಬರುತ್ತಾರಲ್ಲ, ಅದು ಹೇಗೆ? ಸೆಪ್ಟೆಂಬರ್‌ನಲ್ಲಿ 40 ಜನರನ್ನೂ ಕರೆದುಕೊಳ್ಳಬಹುದು ಅಂತ ಓದಿದ್ದೆ, ಅದು ಹೌದಾ? ಇನ್ನೊಂದು, ಒಂದು ತಂಡದ ಆಸೆ ಇನ್ನೂ ಉಳಿದಿದೆಯೋ ಇಲ್ಲವೋ ಅಂತ ಕೈಲೆಕ್ಕದಲ್ಲಿ ತಿಳಿಯುವುದು ಹೇಗೆ? ಇಲ್ಲಿ ಏಳೆಂಟು ಜನ ಒಟ್ಟಿಗೆ ನೋಡುತ್ತೇವೆ. ನ್ಯೂಯಾರ್ಕಿನ ರಾತ್ರಿ 7:10ರ ಪಂದ್ಯ ನಮಗೆ ಬೆಳಗಿನ 4:40. ಮುಂದಿನ ಸೆಪ್ಟೆಂಬರ್‌ಗೆ ಯಾವ ಪಂದ್ಯಕ್ಕೆ ಏಳಬೇಕು ಅಂತ ಗೋಡೆಗೆ ಒಂದು ಪಟ್ಟಿ ಹಚ್ಚಬೇಕೆಂದಿದೆ.

ತದಡಿ ದಕ್ಕೆ

ಮೊದಲು ತಾರೀಕು ಸರಿ ಮಾಡಿಕೊಳ್ಳಿ, ಉಳಿದದ್ದು ತನ್ನಷ್ಟಕ್ಕೆ ತಿಳಿಯುತ್ತದೆ.

2025ರ ಟ್ರೇಡ್ ಗಡುವು ಜುಲೈ 31, ಅಲ್ಲಿಯ ಸಂಜೆ 6. ನಮಗೆ ಆಗಸ್ಟ್ 1ರ ಬೆಳಗಿನ ಜಾವ 3:30. ನಮ್ಮ ಕಡೆ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯುವುದೂ ಜುಲೈ 31ಕ್ಕೇ, ಹಾಗೆ ನೆನಪಿಟ್ಟುಕೊಳ್ಳಿ. ಇಲ್ಲಿ ದೋಣಿ ನೀರಿಗೆ ಇಳಿಯುವ ಹೊತ್ತಿಗೆ ಅಲ್ಲಿ ಬಾಗಿಲು ಮುಚ್ಚುತ್ತದೆ. (ಪ್ರತಿ ವರ್ಷ ಇದೇ ದಿನ ಅಂತಿಲ್ಲ, 2024ರಲ್ಲಿ ಜುಲೈ 30 ಇತ್ತು.) ಮೊದಲು ಆಗಸ್ಟ್‌ನಲ್ಲೂ ವೇವರ್ (ತಂಡ ಬಿಡಲು ಹೊರಟವನನ್ನು ಬೇರೆ ತಂಡಗಳು ಕೇಳಿಕೊಳ್ಳುವ ವ್ಯವಸ್ಥೆ) ದಾಟಿದವರನ್ನು ಟ್ರೇಡ್ ಮಾಡಬಹುದಿತ್ತು. 2019ರಿಂದ ಅದು ಬಂದ್.

ಗಡುವಿನ ನಂತರ ಉಳಿಯುವ ಮುಖ್ಯ ದಾರಿ ಮೂರು. ಒಂದು, ತಮ್ಮದೇ ಮೈನರ್ ಲೀಗ್‌ನಿಂದ ಮೇಲಕ್ಕೆ ಕರೆಯುವುದು. ಎರಡು, ಬೇರೆ ತಂಡ ವೇವರ್‌ಗೆ ಹಾಕಿದವನನ್ನು ಕ್ಲೇಮ್ ಮಾಡುವುದು, ಅಂದರೆ ನಮಗೆ ಬೇಕು ಅಂತ ಕೇಳಿ ಪಡೆಯುವುದು. ಮೂರು, ಯಾರೂ ಇಟ್ಟುಕೊಳ್ಳದೆ ಬಿಟ್ಟವನಿಗೆ ಸಹಿ ಹಾಕಿಸುವುದು.

ಇನ್ನು ಮುಖ್ಯ ತಾರೀಕು ಆಗಸ್ಟ್ 31, ಅಲ್ಲಿಯ ರಾತ್ರಿ 11:59. ನಮಗೆ ಸೆಪ್ಟೆಂಬರ್ 1ರ ಬೆಳಿಗ್ಗೆ 9:29. ಆ ಹೊತ್ತಿಗೆ ತಂಡದ 40 ಜನರ ಪಟ್ಟಿಯಲ್ಲಿ (ಈಗ ಆಡುತ್ತಿರುವವರು, ಮೇಲೆ ಕರೆಯಬಹುದಾದವರು ಸೇರಿ) ಅಥವಾ 60 ದಿನದ ಗಾಯಾಳು ಪಟ್ಟಿಯಲ್ಲಿ ಇದ್ದವನು ಪ್ಲೇಆಫ್ ಆಡಬಹುದು. ಪಟ್ಟಿಯಲ್ಲಿ ಇಲ್ಲದೆ ಅದೇ ಸಂಸ್ಥೆಯ ಮೈನರ್ ಲೀಗ್‌ನಲ್ಲಿ ಇದ್ದವನನ್ನು ಗಾಯಾಳುವಿನ ಬದಲಿ ಅಂತ ಅರ್ಜಿ ಹಾಕಿ ಸೇರಿಸಬಹುದು. ಸೆಪ್ಟೆಂಬರ್‌ನಲ್ಲಿ ಹೊರಗಿನಿಂದ ಬಂದವನಿಗೆ ಆ ದಾರಿಯೂ ಇಲ್ಲ.

2002ರಲ್ಲಿ ಏಂಜಲ್ಸ್ ಈ ಬದಲಿ ದಾರಿಯಿಂದಲೇ ಫ್ರಾನ್ಸಿಸ್ಕೊ ರೊಡ್ರಿಗೆಜ್ ಎಂಬ ಪಿಚರ್‌ನನ್ನು (ಚೆಂಡು ಎಸೆಯುವವನನ್ನು) ಒಳಗೆ ತಂದಿತು. ಹುಡುಗ ಮೊದಲ ಪಂದ್ಯ ಆಡಿದ್ದೇ ಸೆಪ್ಟೆಂಬರ್ 18ಕ್ಕೆ. ಮಾಮೂಲು ಸೀಸನ್‌ನಲ್ಲಿ ಆರು ಇನಿಂಗ್ಸ್ (ಇಲ್ಲಿ ಒಂದು ಇನಿಂಗ್ಸ್ ಅಂದರೆ ಮೂರು ಔಟ್) ಕೂಡ ಎಸೆದಿರಲಿಲ್ಲ. ಪ್ಲೇಆಫ್‌ನಲ್ಲಿ ಐದು ಗೆಲುವು ಅವನ ಹೆಸರಿಗೆ, ಫೈನಲ್ ಆದ ವರ್ಲ್ಡ್ ಸೀರೀಸ್ ಏಂಜಲ್ಸ್‌ಗೆ. ಸೆಪ್ಟೆಂಬರ್‌ನಲ್ಲಿ ಬಂದ ಹುಡುಗ ಅಂತ ಹಗುರ ಮಾಡಬಾರದು.

ಸಿದ್ದಾಪುರ ಘಟ್ಟ

ಸೆಪ್ಟೆಂಬರ್‌ನಲ್ಲಿ 40 ಜನರನ್ನೂ ಕರೆದುಕೊಳ್ಳುವುದು ಹಳೆಯ ನಿಯಮ, 2019ಕ್ಕೇ ಮುಗಿಯಿತು. ಈಗ ಪಂದ್ಯಕ್ಕೆ ಇಟ್ಟುಕೊಳ್ಳಬಹುದಾದವರು ಆಗಸ್ಟ್ 31ರವರೆಗೆ 26, ಸೆಪ್ಟೆಂಬರ್ 1ರಿಂದ 28. ಆ 28ರಲ್ಲಿ ಪಿಚರ್ 14ಕ್ಕಿಂತ ಹೆಚ್ಚು ಇರುವಂತಿಲ್ಲ. ಪ್ಲೇಆಫ್ ಶುರುವಾದರೆ ಮತ್ತೆ 26, ಪಿಚರ್ 13.

ಆದ್ದರಿಂದ "ಸೆಪ್ಟೆಂಬರ್‌ನಲ್ಲಿ ತಂಡ ದೊಡ್ಡದಾಗುತ್ತದೆ" ಅಂದರೆ ಒಬ್ಬ ಪಿಚರ್, ಒಬ್ಬ ಬ್ಯಾಟರ್ ಹೆಚ್ಚು, ಅಷ್ಟೇ. ಇದನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಮೆಟ್ಸ್‌ನ ಕಥೆ ಅರ್ಥವಾಗುತ್ತದೆ.

ಒಂದು ಪಂದ್ಯಕ್ಕೆ 27 ಔಟ್ ಬೇಕು. ಸ್ಟಾರ್ಟರ್ (ಪಂದ್ಯ ಶುರು ಮಾಡುವ ಪಿಚರ್) ಆರು ಇನಿಂಗ್ಸ್ ಹೋದರೆ 18 ಔಟ್ ಆಯಿತು, ಉಳಿದ 9 ಔಟ್‌ಗೆ ಮೂವರು ರಿಲೀವರ್ (ಆಮೇಲೆ ಬರುವ ಪಿಚರ್) ಸಾಕು. ಅವನು ನಾಲ್ಕೇ ಇನಿಂಗ್ಸ್‌ಗೆ ನಿಂತರೆ ಉಳಿಯುವುದು 15 ಔಟ್, ಐದು ಜನ ಬೇಕು. 14 ಪಿಚರ್‌ನಲ್ಲಿ ಐವರು ಸ್ಟಾರ್ಟರ್ ಅಂದುಕೊಂಡರೆ ರಿಲೀವರ್ ಒಂಬತ್ತೇ. ದಿನಕ್ಕೆ ಐವರಂತೆ ಎರಡು ದಿನ ಎಸೆದರೆ ಒಂಬತ್ತೂ ಜನರ ಕೈ ಬಳಸಿ ಆಯಿತು, ಒಬ್ಬನದು ಎರಡು ಸಲ. ಮೂರನೇ ದಿನ ನಿಜವಾಗಿ ತಾಜಾ ಕೈ ಒಂದೂ ಇಲ್ಲ. ಒಬ್ಬನೇ ರಿಲೀವರ್ ಸತತ ಮೂರು ದಿನ ಎಸೆಯುವುದನ್ನು ಎಲ್ಲ ತಂಡಗಳೂ ಆದಷ್ಟು ತಪ್ಪಿಸುತ್ತವೆ, ಯಾಕೆಂದರೆ ವೇಗ ಇಳಿಯುತ್ತದೆ, ಮೊಣಕೈಗೆ ಪೆಟ್ಟು.

ನಮ್ಮ ಬಯಲಾಟ ನೆನೆಸಿಕೊಳ್ಳಿ. ಮೊದಲರ್ಧ ಒಬ್ಬ ಭಾಗವತರು ಹಾಡಿ, ಬೆಳಗಿನ ಜಾವಕ್ಕೆ ಪ್ರಧಾನ ಭಾಗವತರು ಬಂದು ಕೂರುತ್ತಾರೆ. ಮೊದಲನೆಯವರು ಒಂಬತ್ತೂವರೆಗೇ ಎದ್ದರೆ ಎರಡನೆಯವರು ಇಡೀ ರಾತ್ರಿ ಹಾಡಬೇಕು. ಒಂದು ದಿನ ಹಾಡಿಯಾರು. ಮರುದಿನದ ಆಟಕ್ಕೆ ಸ್ವರ ಇರುವುದಿಲ್ಲ.

ಮೆಟ್ಸ್‌ಗೆ ಆದದ್ದು ಇದೇ. ಜೂನ್‌ನಿಂದ ಆಗಸ್ಟ್ ನಡುಹೊತ್ತಿನವರೆಗೆ ಡೇವಿಡ್ ಪೀಟರ್ಸನ್ ಒಬ್ಬನನ್ನು ಬಿಟ್ಟರೆ ಆರು ಇನಿಂಗ್ಸ್ ಪೂರೈಸುವ ಸ್ಟಾರ್ಟರ್ ಇರಲಿಲ್ಲ. ಗಡುವಿಗೆ ಮೂವರು ರಿಲೀವರ್‌ಗಳನ್ನು ತಂದರು, ಸ್ಟಾರ್ಟರ್ ಒಬ್ಬನನ್ನೂ ತರಲಿಲ್ಲ. ನನ್ನ ಪ್ರಕಾರ ಸೀಸನ್ ಹೋದದ್ದು ಅಲ್ಲಿ. ಮಾಡು ಸೋರುವಾಗ ಕೆಳಗೆ ಪಾತ್ರೆ ಇಟ್ಟ ಹಾಗೆ ಆಯಿತು, ಹೆಂಚು ಬದಲಿಸಲಿಲ್ಲ. ಹೆಲ್ಸ್ಲಿ 2024ರಲ್ಲಿ ಸೇಂಟ್ ಲೂಯಿಸ್‌ಗೆ 49 ಸೇವ್ (ಮುನ್ನಡೆ ಉಳಿಸಿ ಪಂದ್ಯ ಮುಗಿಸುವುದು) ಮಾಡಿದವನು. ಮೆಟ್ಸ್‌ನಲ್ಲಿ ಒಂಬತ್ತು ಇನಿಂಗ್ಸ್‌ಗೆ ಸರಾಸರಿ 7.20 ರನ್ ಕೊಟ್ಟ. ಮಲಿನ್ಸ್‌ನ ಬ್ಯಾಟಿಂಗ್ ಸರಾಸರಿ .182ಕ್ಕೆ ನಿಂತಿತು.

ಹುಡುಗರ ವಿಷಯ ಬೇರೆ. ಆಗಸ್ಟ್ 16ಕ್ಕೆ ಬಂದ ನೋಲನ್ ಮೆಕ್ಲೀನ್ ಎಂಟು ಪಂದ್ಯ ಶುರು ಮಾಡಿ 5 ಗೆದ್ದ, 1 ಸೋತ, ಸರಾಸರಿ 2.06. ಇಡೀ ತಂಡದಲ್ಲಿ ಅವನಷ್ಟು ನಂಬಿಕೆಯ ಕೈ ಆಗ ಇನ್ನೊಂದಿರಲಿಲ್ಲ. ಇಂಥವನನ್ನು ಜುಲೈನಲ್ಲೇ ಕರೆದಿದ್ದರೆ ಅಂತ ಈಗಲೂ ಅನ್ನಿಸುತ್ತದೆ. ಆಗಸ್ಟ್ 29ಕ್ಕೆ ಜೋನಾ ಟಾಂಗ್ ಬಂದ. ಮೊದಲ ದಿನವೇ ಬ್ಯಾಟರ್‌ಗಳು ಅವನಿಗೆ 19 ರನ್ ಹೊಡೆದು ಕೊಟ್ಟರು. ಸೆಪ್ಟೆಂಬರ್ 12ಕ್ಕೆ ಟೆಕ್ಸಸ್ ಎದುರು ಒಂದು ಇನಿಂಗ್ಸ್ ಕೂಡ ಮುಗಿಸಲಾಗಲಿಲ್ಲ. ಹೊಸ ಪಿಚರ್‌ನಲ್ಲಿ ಆಗುವುದೇ ಹೀಗೆ. ಚೇಂಜಪ್ (ವೇಗ ತಗ್ಗಿಸಿ ಮೋಸ ಮಾಡುವ ಎಸೆತ) ಹಿಡಿತಕ್ಕೆ ಸಿಗದ ದಿನ ಅವನಿಗೆ ಮೂರನೇ ದಾರಿ ಗೊತ್ತಿರುವುದಿಲ್ಲ, ಬ್ಯಾಟರ್ ಫಾಸ್ಟ್‌ಬಾಲ್ ಒಂದಕ್ಕೇ ಕಾಯುತ್ತಾನೆ.

ಬೈತಖೋಲ, ಕಾರವಾರ

ಪಿಚರ್ ಸುಸ್ತಾದರೆ ಕೆಳಗೆ ಕಳಿಸಿ ಇನ್ನೊಬ್ಬನನ್ನು ದಿನಾ ಬದಲಿಸುತ್ತಾ ಹೋಗಬಾರದಾ? ಮೈನರ್ ಲೀಗ್‌ನಲ್ಲಿ ಜನ ಇದ್ದೇ ಇದ್ದಾರಲ್ಲ ಮಾರಾಯ್ರೆ.

ಸಿದ್ದಾಪುರ ಘಟ್ಟ

ಮೆಟ್ಸ್ ಮಾಡಿದ್ದೂ ಅದನ್ನೇ. ಆ ಸೀಸನ್‌ನಲ್ಲಿ 40ಕ್ಕೂ ಹೆಚ್ಚು ಪಿಚರ್‌ಗಳನ್ನು ಬಳಸಿದರು. ಆದರೆ ನಾಲ್ಕು ಕಡೆ ತಡೆ ಇದೆ.

ಕೆಳಗೆ ಕಳಿಸಬೇಕಾದರೆ ಆಟಗಾರನಿಗೆ ಆಪ್ಷನ್ (ವೇವರ್ ಇಲ್ಲದೆ ಕೆಳಗೆ ಕಳಿಸುವ ಅವಕಾಶ) ಉಳಿದಿರಬೇಕು, ಒಂದೇ ಸೀಸನ್‌ನಲ್ಲಿ ಐದು ಸಲಕ್ಕಿಂತ ಹೆಚ್ಚು ಕಳಿಸುವಂತಿಲ್ಲ. ಕಳಿಸಿದ ಪಿಚರ್ 15 ದಿನ ಕೆಳಗೇ ಇರಬೇಕು, ಬ್ಯಾಟರ್ ಆದರೆ 10 ದಿನ. ಗಾಯಾಳುವಿನ ಬದಲಿಗೆ ಬರುವವನಿಗೆ ಮಾತ್ರ ಇದರಿಂದ ವಿನಾಯಿತಿ. ಈಗ ಲೆಕ್ಕ ಹಾಕಿ: ಸೆಪ್ಟೆಂಬರ್ 28ಕ್ಕೆ ಮುಗಿಯುವ ಸೀಸನ್‌ನಲ್ಲಿ ಸೆಪ್ಟೆಂಬರ್ 15ಕ್ಕೆ ಕೆಳಗೆ ಹೋದ ಪಿಚರ್ ಮಾಮೂಲು ಪಂದ್ಯಕ್ಕೆ ಮತ್ತೆ ಸಿಗುವುದಿಲ್ಲ. ಹಾಗಾಗಿ ತಿಂಗಳ ನಡುವೆ ಯಾರನ್ನಾದರೂ ಇಳಿಸಿದ ಸುದ್ದಿ ಓದಿದರೆ ಅವನನ್ನು ಲೆಕ್ಕದಿಂದ ತೆಗೆಯಿರಿ.

ಮೇಲೆ ಬರುವವನು 40ರ ಪಟ್ಟಿಯಲ್ಲಿ ಇಲ್ಲದಿದ್ದರೆ ಅಲ್ಲೊಂದು ಜಾಗ ಖಾಲಿ ಮಾಡಬೇಕು. ಯಾರನ್ನಾದರೂ 60 ದಿನದ ಗಾಯಾಳು ಪಟ್ಟಿಗೆ ಹಾಕಬೇಕು, ಇಲ್ಲವೇ ಒಬ್ಬನನ್ನು ಪಟ್ಟಿಯಿಂದಲೇ ತೆಗೆಯಬೇಕು. ತೆಗೆದವನನ್ನು ಉಳಿಸಿಕೊಳ್ಳಲು ವೇವರ್ ದಾಟಿಸಬೇಕು, ಅಲ್ಲಿ ಯಾವ ತಂಡವಾದರೂ ಕೈ ಹಾಕಬಹುದು.

ಹಿರಿಯರ ಒಪ್ಪಂದ ಇನ್ನೊಂದು ತೊಡಕು. ಮೆಟ್ಸ್‌ನ ಸ್ಟಾರ್ಟರ್ ಕೊಡಾಯಿ ಸೆಂಗಾ ಲಯ ತಪ್ಪಿದಾಗ ಸೆಪ್ಟೆಂಬರ್ ಮೊದಲ ವಾರ ಅವನನ್ನು ಸಿರಾಕ್ಯೂಸ್‌ನ ಮೈನರ್ ಲೀಗ್ ತಂಡಕ್ಕೆ ಕಳಿಸಿದರು. ಅವನು ಒಪ್ಪಿದ್ದಕ್ಕೆ ಅದು ಸಾಧ್ಯವಾಯಿತು. ಒಪ್ಪದಿದ್ದರೆ ಒಂದು ಜಾಗ ಅವನ ಹೆಸರಿಗೇ ಕಟ್ಟಿಬಿದ್ದಿರುತ್ತಿತ್ತು.

ತದಡಿ ದಕ್ಕೆ

ವೇವರ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಒಬ್ಬನಿಗೆ ಎರಡು ಮೂರು ತಂಡ ಕೈ ಎತ್ತಿದರೆ ಗೆಲುವಿನ ಪ್ರಮಾಣ ಯಾರದ್ದು ಕಡಿಮೆಯೋ ಅವರಿಗೆ ಅವನು. ಅಂದರೆ ಪ್ಲೇಆಫ್ ಹೊಸ್ತಿಲಲ್ಲಿ ನಿಂತ ತಂಡಕ್ಕೆ ಸಾಲಿನಲ್ಲಿ ಹಿಂದಿನ ಜಾಗ.

2023ರ ಆಗಸ್ಟ್ ಕೊನೆಗೆ ಏಂಜಲ್ಸ್ ಒಮ್ಮೆಲೇ ಐದಾರು ಜನರನ್ನು ವೇವರ್‌ಗೆ ಹಾಕಿತು. ಅದರಲ್ಲಿ ಜಿಯೊಲಿಟೊ ಮತ್ತು ರೆನಾಲ್ಡೊ ಲೋಪೆಜ್‌ನನ್ನು ತಿಂಗಳ ಹಿಂದಷ್ಟೇ ಟ್ರೇಡ್‌ನಲ್ಲಿ ತಂದದ್ದು. ಕ್ಲೀವ್‌ಲ್ಯಾಂಡ್ ಆಗಸ್ಟ್ 31ಕ್ಕೆ ಆ ಇಬ್ಬರನ್ನೂ ಮ್ಯಾಟ್ ಮೂರ್‌ನನ್ನೂ ಬಾಚಿಕೊಂಡಿತು. ಒಂದೇ ದಿನದಲ್ಲಿ ಮೂರು ಪಿಚರ್! ಸೆಪ್ಟೆಂಬರ್ 4ಕ್ಕೆ ಜಿಯೊಲಿಟೊ ಮಿನೆಸೋಟ ಎದುರು ಮೂರು ಇನಿಂಗ್ಸ್‌ನಲ್ಲಿ 9 ರನ್ ಕೊಟ್ಟ, ಪಂದ್ಯ 20–6. ಕ್ಲೀವ್‌ಲ್ಯಾಂಡ್ 76–86ಕ್ಕೆ ಮುಗಿಸಿತು. ಏಂಜಲ್ಸ್ ಬಿಟ್ಟ ರೆನ್ಫ್ರೊ, ಯಾಂಕೀಸ್ ಬಿಟ್ಟ ಬೇಡರ್ ಇಬ್ಬರನ್ನು ಕ್ಲೇಮ್ ಮಾಡಿದ ಸಿನ್ಸಿನಾಟಿ 82–80ಕ್ಕೆ ನಿಂತು ಹೊರಗೆ ಉಳಿಯಿತು.

ಅದೇ ಮೂರ್‌ನನ್ನು ಕ್ಲೀವ್‌ಲ್ಯಾಂಡ್ ಸೆಪ್ಟೆಂಬರ್‌ನಲ್ಲಿ ಮತ್ತೆ ಬಿಟ್ಟಾಗ ಮಯಾಮಿ ಎತ್ತಿಕೊಂಡಿತು. ಮಯಾಮಿ ಪ್ಲೇಆಫ್‌ಗೆ ಹೋಯಿತು, ಮೂರ್ ಆಡುವಂತಿರಲಿಲ್ಲ, ಆಗಸ್ಟ್ 31 ದಾಟಿತ್ತು. ಉಳಿದ ಹತ್ತು ದಿನ ದಾಟಿಸುವುದಕ್ಕೆ ಒಬ್ಬ ಎಡಗೈ ಪಿಚರ್ ಬೇಕಿತ್ತು, ಅಷ್ಟಕ್ಕೇ ತಂದರು. ಅದು ಒಳ್ಳೆಯ ನಿರ್ಧಾರವೇ.

ನಮ್ಮ ತಾಲೂಕಿನ ಕಬಡ್ಡಿ, ಟೆನಿಸ್ ಬಾಲ್ ಟೂರ್ನಿ ನಡೆಸುವವರು ಈ ತಾರೀಕಿನ ನಿಯಮ ಒಂದನ್ನಾದರೂ ತೆಗೆದುಕೊಳ್ಳಬೇಕು. ಲೀಗ್ ಹಂತ ಮುಗಿಯುವ ಮುಂಚಿನ ಒಂದು ದಿನ ಗೊತ್ತು ಮಾಡಿ, ಅವತ್ತಿನ ಪಟ್ಟಿಯಲ್ಲಿ ಇಲ್ಲದವನು ಸೆಮಿಫೈನಲ್ ಆಡುವಂತಿಲ್ಲ ಅಂತ ಬರೆದು ಎರಡೂ ಕಡೆ ಸಹಿ ಹಾಕಿಸಿದರೆ, ಫೈನಲ್ ದಿನ ಹೊರಗಿನ ಆಟಗಾರ ಬಂದನೆಂದು ಆಗುವ ಗಲಾಟೆ ಅಲ್ಲಿಗೇ ಮುಗಿಯುತ್ತದೆ.

ಬನವಾಸಿ ಅಕ್ಕೋರು

ಲೆಕ್ಕದ ಪ್ರಶ್ನೆಗೆ ನಾನು ಬರೆಯುತ್ತೇನೆ.

ಮೇಜರ್ ಲೀಗ್ ಒಳಗೆ ಎರಡು ಲೀಗ್. ಪ್ಲೇಆಫ್‌ಗೆ ಒಂದೊಂದು ಲೀಗ್‌ನಿಂದ ಆರು ತಂಡ: ಮೂರು ವಿಭಾಗಗಳ ವಿಜೇತರು, ಆಮೇಲೆ ಮೂರು ವೈಲ್ಡ್ ಕಾರ್ಡ್ (ಉಳಿದವರಲ್ಲಿ ಹೆಚ್ಚು ಗೆದ್ದ ಮೂರು ತಂಡ). ಮೇಲಿನ ಎರಡು ವಿಜೇತರಿಗೆ ಮೊದಲ ಸುತ್ತು ಇಲ್ಲ. ಮೊದಲ ಸುತ್ತಿನ ಮೂರೂ ಪಂದ್ಯ ಮೇಲಿನ ಕ್ರಮಾಂಕದವರ ಮೈದಾನದಲ್ಲೇ.

ಹಿಂದಿರುವ ತಂಡದ ಆಸೆ ನೋಡಲು ಒಂದೇ ಸೂತ್ರ ಸಾಕು. 163ರಿಂದ ಮುಂದಿನ ತಂಡದ ಗೆಲುವು ಕಳೆಯಿರಿ, ಹಿಂದಿನ ತಂಡದ ಸೋಲು ಕಳೆಯಿರಿ. ಉದಾಹರಣೆಗೆ ‘ಕ’ ತಂಡ 80–69, ‘ಖ’ ತಂಡ 77–72, ಇಬ್ಬರಿಗೂ 13 ಪಂದ್ಯ ಬಾಕಿ. 163 – 80 – 72 = 11. ‘ಕ’ ಗೆದ್ದರೂ ಒಂದು ಇಳಿಸಿ, ‘ಖ’ ಸೋತರೂ ಒಂದು ಇಳಿಸಿ. ಸೊನ್ನೆಗೆ ಬಂದ ದಿನ ‘ಖ’ದ ಆಸೆ ಮುಗಿಯಿತು. 163 ಯಾಕೆ ಅಂದರೆ ಒಟ್ಟು ಪಂದ್ಯ 162, ಅದರ ಮೇಲೆ ಒಂದು ಸೇರಿದರೆ ಮಾತ್ರ ಸ್ಪಷ್ಟವಾಗಿ ಮುಂದೆ.

ಇಲ್ಲಿಯೇ ಟೈಬ್ರೇಕರ್ ಬರುತ್ತದೆ. 2022ರಿಂದ ಸಮ ಬಂದರೆ 163ನೇ ಪಂದ್ಯ ಆಡಿಸುವುದಿಲ್ಲ. ಮೊದಲು ಇಬ್ಬರ ಮುಖಾಮುಖಿ ನೋಡುತ್ತಾರೆ. ಅದೂ ಸಮವಾದರೆ ತಮ್ಮ ವಿಭಾಗದೊಳಗಿನ ದಾಖಲೆ, ಆಮೇಲೆ ಅದೇ ಲೀಗಿನ ಬೇರೆ ವಿಭಾಗಗಳ ಎದುರಿನ ದಾಖಲೆ. ಟೈಬ್ರೇಕರ್ ‘ಕ’ದ ಕೈಯಲ್ಲಿದ್ದರೆ ಸಮ ಬಂದರೂ ಅವರೇ ಒಳಗೆ, ಆದ್ದರಿಂದ 163ರ ಜಾಗಕ್ಕೆ 162 ಹಾಕಿ.

ಒಂದು ಅಂಕಿಯ ವ್ಯತ್ಯಾಸ ಅಂತ ಬಿಡಬೇಡಿ. ‘ಕ’ ಉಳಿದ 13ರಲ್ಲಿ 6 ಗೆದ್ದು 86ಕ್ಕೆ ನಿಂತಿತು ಅನ್ನಿ. ‘ಖ’ಗೆ ಟೈಬ್ರೇಕರ್ ಇದ್ದರೆ 13ರಲ್ಲಿ 9 ಗೆದ್ದರೆ ಸಾಕು. ಇಲ್ಲದಿದ್ದರೆ 10 ಬೇಕು. ಪ್ರತಿ ಪಂದ್ಯವನ್ನೂ ನಾಣ್ಯ ಚಿಮ್ಮಿದಂತೆ ಅರ್ಧಕ್ಕರ್ಧ ಅಂದುಕೊಂಡರೆ 13ರಲ್ಲಿ 9 ಅಥವಾ ಹೆಚ್ಚು ಬರುವ ಸಾಧ್ಯತೆ ಶೇ. 13.3. ಹತ್ತು ಅಥವಾ ಹೆಚ್ಚು, ಶೇ. 4.6. ಒಂದೇ ಟೈಬ್ರೇಕರ್‌ಗೆ ಆಸೆ ಹೆಚ್ಚುಕಡಿಮೆ ಮೂರು ಪಟ್ಟು.

ಈಗ ಮೆಟ್ಸ್ ನೋಡಿ. ರೆಡ್ಸ್ ಜೊತೆ ಇಡೀ ಸೀಸನ್‌ನಲ್ಲಿ ಆರೇ ಪಂದ್ಯ. ಜುಲೈನ ಮೂರರಲ್ಲಿ ರೆಡ್ಸ್ 2, ಮೆಟ್ಸ್ 1. ಸೆಪ್ಟೆಂಬರ್ 5ಕ್ಕೆ ಮೆಟ್ಸ್ ಗೆದ್ದು 2–2 ಮಾಡಿಕೊಂಡಿತು. 6ಕ್ಕೆ ಸೋಲು. 7ನೇ ತಾರೀಕು ಬ್ರ್ಯಾಂಡನ್ ಸ್ಪ್ರೋಟ್‌ನ ಮೊಟ್ಟಮೊದಲ ಪಂದ್ಯ, ಸಿನ್ಸಿನಾಟಿಯಲ್ಲೇ, ಮೆಟ್ಸ್ 3–2ರಲ್ಲಿ ಸೋತಿತು. ಒಟ್ಟು 4–2, ಟೈಬ್ರೇಕರ್ ರೆಡ್ಸ್‌ಗೆ. ಆ ಒಂದು ಪಂದ್ಯ ತಿರುಗಿದ್ದರೆ ಮೆಟ್ಸ್ 84, ರೆಡ್ಸ್ 82. ಅವತ್ತು ಯಾರೂ ಅದನ್ನು ದೊಡ್ಡ ಪಂದ್ಯ ಅನ್ನಲಿಲ್ಲ. ಸೆಪ್ಟೆಂಬರ್ 6ರಿಂದ 13ರವರೆಗೆ ಮೆಟ್ಸ್ ಸತತ ಎಂಟು ಸೋತಿತು, ಅದರಲ್ಲಿ ಇವು ಮೊದಲ ಎರಡು.

ಕೊನೆಯ ದಿನ ಮೆಟ್ಸ್ ಮಯಾಮಿಯಲ್ಲಿ 4–0ಗೆ ಸೋತಿತು. ನಾಲ್ಕೂ ರನ್ ನಾಲ್ಕನೇ ಇನಿಂಗ್ಸ್‌ನಲ್ಲೇ. ಐದನೆಯದರಲ್ಲಿ ಮೂರೂ ಬೇಸ್‌ನಲ್ಲಿ ಮೆಟ್ಸ್‌ನವರು ನಿಂತಿದ್ದರು, ಅವರ ಬ್ಯಾಟರ್ ಪೀಟ್ ಅಲೊನ್ಸೊ ಬಲವಾಗಿ ಹೊಡೆದ ಚೆಂಡು ನೆಲಕ್ಕೆ ಬೀಳದೆ ನೇರವಾಗಿ ಎಡಗಡೆಯ ಫೀಲ್ಡರ್ ಕೈಗೆ ಹೋಯಿತು. ಎರಡು ಮಾರು ಆಚೀಚೆ ಆಗಿದ್ದರೆ ಎರಡು ರನ್ ಖಂಡಿತ. ಅತ್ತ ರೆಡ್ಸ್ ಕೂಡ ಮಿಲ್ವಾಕಿಯಲ್ಲಿ ಸೋತಿತ್ತು. ಮೆಟ್ಸ್ ಗೆದ್ದಿದ್ದರೆ ಸಾಕಿತ್ತು.

ಅದೇ ವರ್ಷ ಟೊರಾಂಟೊ ಮತ್ತು ಯಾಂಕೀಸ್ ಎರಡೂ 94–68. ಮುಖಾಮುಖಿ 8–5 ಟೊರಾಂಟೊ ಕಡೆ. ಟೊರಾಂಟೊಗೆ ಮೊದಲ ಸುತ್ತಿನ ವಿಶ್ರಾಂತಿ, ಯಾಂಕೀಸ್‌ಗೆ ವೈಲ್ಡ್ ಕಾರ್ಡ್ ಸುತ್ತು.

ನಿಮ್ಮ ಪಟ್ಟಿಯಲ್ಲಿ ಗೆಲುವಿನ ಪಕ್ಕ ಮುಖಾಮುಖಿಗೆ ಒಂದು ಕಂಬಸಾಲು ಏಪ್ರಿಲ್‌ನಿಂದಲೇ ಬಿಡಿ. ಒಂದೇ ವಿಭಾಗದವರು 13 ಪಂದ್ಯ ಆಡುತ್ತಾರೆ, ಲೀಗಿನ ಉಳಿದವರು ಆರೋ ಏಳೋ.

ಯಾಣ ದಾರಿ

ಎಲ್ಲರೂ ಮೆಟ್ಸ್ ಮೇಲೇ ಬರೆಯುತ್ತಿದ್ದೀರಿ, ಗಡುವಿಗೆ ಮಾರಿದ ತಂಡವೂ ಒಳಗೆ ಹೋದದ್ದುಂಟು. 2024ರ ಡೆಟ್ರಾಯಿಟ್. ಜುಲೈ 30ಕ್ಕೆ ಒಳ್ಳೆಯ ಸ್ಟಾರ್ಟರ್ ಜ್ಯಾಕ್ ಫ್ಲಾಹರ್ಟಿಯನ್ನು ಡಾಡ್ಜರ್ಸ್‌ಗೆ ಕೊಟ್ಟರು. ಆಗಸ್ಟ್ 10ರ ಹೊತ್ತಿಗೆ 55–63. ಅಲ್ಲಿಂದ 31–13, ಕೊನೆಗೆ 86–76. ಟಾರಿಕ್ ಸ್ಕೂಬಲ್ ಎಸೆಯುವ ದಿನ ಅವನೇ ಆರೇಳು ಇನಿಂಗ್ಸ್, ಉಳಿದ ಹೆಚ್ಚಿನ ದಿನ ಯಾರಿಗೂ ಎರಡು ಮೂರು ಇನಿಂಗ್ಸ್‌ಗಿಂತ ಹೆಚ್ಚಿಲ್ಲ, ಎದುರಿನ ಬ್ಯಾಟರ್ ಒಬ್ಬನನ್ನೇ ಎರಡು ಸಲ ನೋಡದ ಹಾಗೆ. ಪ್ಲೇಆಫ್‌ನಲ್ಲಿ ಹ್ಯೂಸ್ಟನ್ ತಂಡವನ್ನು 2–0 ಹೊರಗೆ ಹಾಕಿದರು.

ಸಿದ್ದಾಪುರ ಘಟ್ಟ

ಹೌದು, ಆದರೆ ಡೆಟ್ರಾಯಿಟ್ ಮೊದಲೇ ಹಾಗೆ ಯೋಜಿಸಿ, ಎರಡು ಮೂರು ಇನಿಂಗ್ಸ್ ಎಸೆಯಬಲ್ಲವರನ್ನೇ ಆರಿಸಿ ಇಟ್ಟಿತ್ತು. ಮೆಟ್ಸ್‌ನ ರಿಲೀವರ್‌ಗಳು ಹೆಚ್ಚಿನವರು ಒಂದು ಇನಿಂಗ್ಸ್‌ನವರು. ಅವರಿಂದ ಎರಡು ಕೇಳಿದರೆ ಎರಡನೆಯದರಲ್ಲಿ ಚೆಂಡು ಮೇಲೇಳುತ್ತದೆ, ಹೊಡೆತ ಬೀಳುತ್ತದೆ. ಒಂದು ತಂಡದ ಪಟ್ಟಿ ನೋಡುವಾಗ ಪಿಚರ್ ಎಷ್ಟು ಜನ ಅಂತ ಮಾತ್ರ ಎಣಿಸಬೇಡಿ, ಯಾರು ಕಳೆದ ತಿಂಗಳು ಒಂದೇ ದಿನ ಆರು ಅಥವಾ ಹೆಚ್ಚು ಔಟ್ ತೆಗೆದಿದ್ದಾರೆ ಅಂತ ಗುರುತು ಹಾಕಿ.

ಬೈತಖೋಲ, ಕಾರವಾರ

ಎಲ್ಲರಿಗೂ ಧನ್ಯವಾದ. ಅಕ್ಕೋರೇ, ಒಂದು ಲೆಕ್ಕ ಮಾಡಿದ್ದೇನೆ, ನೋಡಿ ಹೇಳಿ. ‘ಕ’ 85–71, ‘ಖ’ 84–72, ಇಬ್ಬರಿಗೂ ಆರು ಬಾಕಿ, ಟೈಬ್ರೇಕರ್ ‘ಖ’ ಕೈಯಲ್ಲಿ. ‘ಕ’ಗೆ 163 – 85 – 72 = 6. ‘ಖ’ಗೆ 163 – 84 – 71 = 8. ಸರಿಯಾ?

ಬನವಾಸಿ ಅಕ್ಕೋರು

‘ಕ’ದ್ದು ಸರಿ, ಅವರು ಸ್ಪಷ್ಟವಾಗಿ ಮುಂದೆ ಬರಲೇಬೇಕು, 163. ‘ಖ’ಗೆ ಸಮ ಬಂದರೂ ಸಾಕಲ್ಲ, ಅಲ್ಲಿ 162 ಹಾಕಿ: 162 – 84 – 71 = 7. ‘ಖ’ ಆರನ್ನೂ ಗೆದ್ದು ‘ಕ’ ಒಂದು ಸೋತರೆ ಇಬ್ಬರೂ 90, ‘ಖ’ ಒಳಗೆ. ತಾಳೆ ನೋಡಿಕೊಳ್ಳಿ.

ತದಡಿ ದಕ್ಕೆ

ಪಟ್ಟಿಯಲ್ಲಿ ಕೊನೆಯ ಭಾನುವಾರಕ್ಕೆ 4:40 ಅಂತ ಬರೆಯಬೇಡಿ. ಆ ದಿನ ಎಲ್ಲ ಪಂದ್ಯವೂ ಅಲ್ಲಿಯ ಮಧ್ಯಾಹ್ನ ಮೂರರ ಸುಮಾರಿಗೆ ಒಟ್ಟಿಗೇ ಶುರು. ನಮಗೆ ಭಾನುವಾರ ರಾತ್ರಿ ಹನ್ನೆರಡೂವರೆ ಕಳೆದ ಮೇಲೆ. ಎರಡು ಪರದೆ ಬೇಕಾಗುತ್ತದೆ, ಒಂದರಲ್ಲಿ ನಿಮ್ಮ ತಂಡ, ಇನ್ನೊಂದರಲ್ಲಿ ಎದುರಾಳಿಯ ಪಂದ್ಯ.